ಹಳೆ ವ್ಯಾನ್ ನೋಡುವ ಮೊದಲು ಗೋಣಿ ತೂಗಿ

ನಾನು ಕೊಂಡ ಮೊದಲ ಓಮ್ನಿ ಬಿಳಿ ಬಣ್ಣದ್ದು. ಪಾಲಿಶ್ ಹೊಡೆದು ಫಳಫಳ ಹೊಳೆಯುತ್ತಿತ್ತು. ಒಳಗೆ ಹೊಸ ಮ್ಯಾಟ್, ಹೊಸ ಸೀಟ್ ಕವರ್. ತಂದು ಮೂರನೇ ವಾರ, ಬದಿಯಡ್ಕ ಪೇಟೆಯಿಂದ ಎಂಟು ಗೋಣಿ ಹಿಂಡಿ ಹೇರಿಕೊಂಡು ಮನೆಯ ಇಳಿಜಾರಿನಲ್ಲಿ ಬರುತ್ತಿದ್ದೆ. ಹಿಂದಿನಿಂದ ಟಪ್ ಅಂತ ಒಂದು ಸದ್ದು. ಗಾಡಿ ಎಡಕ್ಕೆ ವಾಲಿತು. ಇಳಿದು ನೋಡಿದರೆ ಲೀಫ್ ಪ್ಲೇಟನ್ನು, ಅಂದರೆ ಹಿಂದೆ ಭಾರ ತಾಳುವ ಉಕ್ಕಿನ ಪಟ್ಟಿಗಳನ್ನು, ಹಿಡಿದುಕೊಳ್ಳುವ ಬ್ರಾಕೆಟ್ ಅಡಿಯ ತಗಡನ್ನೇ ಹರಿದುಕೊಂಡು ಮೇಲೆ ಬಂದಿದೆ. ಮ್ಯಾಟ್ ಎತ್ತಿದೆ. ಕೆಳಗೆ ತಗಡಿನ ತೇಪೆ, ತೇಪೆಯ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಕಪ್ಪು ಬಣ್ಣ. ಕೊಟ್ಟವನಿಗೆ ಫೋನ್ ಮಾಡಿದರೆ, "ನೋಡಿಯೇ ತಗೊಂಡದ್ದಲ್ವಾ ನೀವು?" ಅಂದ. ನೋಡಿದ್ದು ಹೌದು, ಮೇಲಿನಿಂದ ಮಾತ್ರ.

ಆಮೇಲೆ ಎರಡು ವ್ಯಾನ್ ಕೊಂಡೆ, ಒಂದನ್ನು ಮಾರಿದೆ. ನೆಂಟರಿಷ್ಟರಿಗೆ ಗಾಡಿ ನೋಡಲು ಜೊತೆಗೆ ಹೋದದ್ದಕ್ಕೆ ಲೆಕ್ಕ ಇಲ್ಲ. ನಮ್ಮ ಕಡೆ, ಅಂದರೆ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಸುತ್ತಮುತ್ತ, ಒಂದೇ ಗಾಡಿ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡಬೇಕು, ಮಧ್ಯಾಹ್ನ ಅಡಿಕೆ ಗೋಣಿ ಹೊರಬೇಕು, ಸಂಜೆ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಭಾರದ ಲೆಕ್ಕ

ಗಾಡಿ ನೋಡಲು ಹೊರಡುವ ಮೊದಲು ಒಂದು ಚೀಟಿಯಲ್ಲಿ ನೀವು ಹೊರುವ ಸಾಮಾನು ಬರೆಯಿರಿ. "ಅಷ್ಟೇನೂ ಇಲ್ಲ, ಸ್ವಲ್ಪ ಸಾಮಾನು" ಅನ್ನುವವರೇ ಹೆಚ್ಚು ಹೊರುವವರು.

ಹಿಂಡಿ, ಸಿಮೆಂಟ್, ರಸಗೊಬ್ಬರ ಗೋಣಿಗೆ 50 ಕೇಜಿ ಅಂತ ಹಿಡಿಯಿರಿ. ಸುಲಿದ ಅಡಿಕೆಯ ಗೋಣಿ ತುಂಬಿಸಿದ ಹಾಗೆ, 60 ಕೇಜಿ ಹಿಡಿದರೆ ಲೆಕ್ಕಕ್ಕೆ ಸಾಕು. 200 ಲೀಟರಿನ ಡ್ರಮ್ಮಿನಲ್ಲಿ ನೀರು ಒಯ್ದರೆ ನೀರೇ 200 ಕೇಜಿ, ಡ್ರಮ್ಮಿನ ತೂಕ ಬೇರೆ. ಎಲ್ಲರೂ ಮೋಸ ಹೋಗುವುದು ಕೆಂಪುಕಲ್ಲಿನಲ್ಲಿ. ದೊಡ್ಡ ಅಳತೆಯ ಒಂದು ಕಲ್ಲು 30 ಕೇಜಿ ಆಚೀಚೆ ಬರುತ್ತದೆ. ಇಪ್ಪತ್ತು ಕಲ್ಲು ಇಟ್ಟರೆ ಗಾಡಿಯ ನೆಲ ಕೂಡ ತುಂಬಿರುವುದಿಲ್ಲ, ತೂಕ ಮಾತ್ರ 600 ಕೇಜಿ. ಜಾಗ ಇದೆ ಅಂತ ಇನ್ನೂ ಹತ್ತು ಏರಿಸುತ್ತೇವೆ. ಅಲ್ಲಿಗೆ ಕತೆ ಮುಗಿಯಿತು.

ಇದರ ಉಲ್ಟಾ ಲೆಕ್ಕವೂ ಇದೆ. ಸಮಾರಂಭದ ಅಡುಗೆ ಪಾತ್ರೆ, ಶಾಮಿಯಾನ ಬಟ್ಟೆ, ಬಾಳೆಗೊನೆ, ಪ್ಲಾಸ್ಟಿಕ್ ಕುರ್ಚಿ ಇವಕ್ಕೆಲ್ಲ ತೂಕಕ್ಕಿಂತ ಜಾಗ ಮುಖ್ಯ. ಅಂಥವರಿಗೆ ದೊಡ್ಡ ಪಿಕಪ್ ಬೇಡ, ಎತ್ತರದ ಮಾಡು ಇರುವ ವ್ಯಾನ್ ಸಾಕು.

ಒಮ್ಮೆ ನಿಮ್ಮ ಮಾಮೂಲಿ ಲೋಡನ್ನು ಬಾಡಿಗೆ ಗಾಡಿಯಲ್ಲಿ ಹಾಕಿ ವೇಬ್ರಿಡ್ಜ್‌ಗೆ, ಅಂದರೆ ಗಾಡಿ ತೂಗುವ ಕಡೆಗೆ, ಕೊಂಡುಹೋಗಿ. ತುಂಬಿದ ಗಾಡಿ ಒಮ್ಮೆ, ಖಾಲಿ ಗಾಡಿ ಒಮ್ಮೆ. ಖರ್ಚು ಚಿಕ್ಕದು. ನಾನು ಹೀಗೆ ತೂಗಿಸಿದಾಗ ನನ್ನ "ನಾನ್ನೂರು ಕೇಜಿ" ಅಂದಾಜು 540 ಬಂತು.

ಈ ಸಂಖ್ಯೆ ಕೈಯಲ್ಲಿದ್ದರೆ ಯಾವ ಗಾಡಿ ನೋಡಿದರೂ ಒಂದೇ ಲೆಕ್ಕ. ಆರ್‌ಸಿಯಲ್ಲಿ ಅಥವಾ ಕಂಪೆನಿಯ ಪುಸ್ತಕದಲ್ಲಿ ಖಾಲಿ ಗಾಡಿಯ ತೂಕ ಮತ್ತು ತುಂಬಿದ ಗಾಡಿಯ ಒಟ್ಟು ತೂಕ ಇರುತ್ತದೆ. ದೊಡ್ಡದರಿಂದ ಸಣ್ಣದನ್ನು ಕಳೆಯಿರಿ. ಉಳಿದದ್ದು ಪೂರ್ತಿ ಸಾಮಾನಿಗೆ ಅಲ್ಲ, ನೀವೂ ಪಕ್ಕದಲ್ಲಿ ಕೂತವರೂ ಅದರೊಳಗೆ ಸೇರಬೇಕು. ಇಬ್ಬರು ಕೂತರೆ 140 ಕೇಜಿ ಹೋಯಿತು.

ಯಾವ ಗಾಡಿ

ಓಮ್ನಿ 1984ರಲ್ಲಿ ಮಾರುತಿ ವ್ಯಾನ್ ಅನ್ನುವ ಹೆಸರಲ್ಲಿ ಬಂತು, 2019ರಲ್ಲಿ ನಿಂತಿತು. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ನಮ್ಮೂರಿನ ಯಾವ ಮೆಕ್ಯಾನಿಕ್ ಆದರೂ ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುತ್ತಾನೆ. ತೋಟದ ಸಣ್ಣ ದಾರಿಯಲ್ಲಿ ತಿರುಗಿಸಲು ಇದರಷ್ಟು ಸುಲಭದ್ದು ಬೇರೆ ಇಲ್ಲ. ಆದರೆ ಮುಂದೆ ನಿಮ್ಮ ಮೊಣಕಾಲಿಗೂ ಎದುರಿನ ಲಾರಿಗೂ ನಡುವೆ ಇರುವುದು ಒಂದು ತಗಡು. ತಲಪಾಡಿಯಿಂದ ಈಚೆ ಹೆದ್ದಾರಿ ಆರು ಪಥ ಆದ ಮೇಲೆ ಅಲ್ಲಿ ಗಾಡಿಗಳ ವೇಗ ನೋಡಿದ್ದೀರಲ್ಲ. ದಿನಾ ಮಂಗಳೂರಿಗೆ ಹೋಗುವವರಿಗೆ ನಾನು ಓಮ್ನಿ ಹೇಳುವುದಿಲ್ಲ. ಮನೆಯಿಂದ ಪೇಟೆ, ಪೇಟೆಯಿಂದ ಮನೆ ಅಂದರೆ ಸರಿ. ಅದೂ ಜನರು ಸೇರಿ ಅರ್ಧ ಟನ್ನಿನ ಒಳಗೆ.

ಈಕೊ ಬಂದದ್ದು 2010ರಲ್ಲಿ. 1.2 ಲೀಟರ್ ಪೆಟ್ರೋಲ್ ಎಂಜಿನ್. 2022ರ ಕೊನೆಯಲ್ಲಿ ಎಂಜಿನ್ ಬದಲಾಯಿತು, ಹಳೆಯದೂ ಗಟ್ಟಿಯೇ. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಆದ್ದರಿಂದ ಭಾರ ಹಾಕಿ ಗುಡ್ಡ ಹತ್ತುವಾಗ ಹಿಡಿತ ಚೆನ್ನಾಗಿರುತ್ತದೆ. ಖಾಲಿ ಇದ್ದಾಗ ಮಳೆಗಾಲದ ಮಣ್ಣು ರಸ್ತೆಯಲ್ಲಿ ಹಿಂದಿನ ಟೈರ್ ತಿರುಗುತ್ತಾ ಜಾರುತ್ತದೆ, ಅದೂ ನಿಜ. ಮನೆಯವರು ಮತ್ತು 300 ಕೇಜಿ ಒಳಗಿನ ಸಾಮಾನು, ಇದು ನಿಮ್ಮ ಲೆಕ್ಕವಾದರೆ ಸುಮ್ನೆ ತಲೆ ಕೆಡಿಸಿಕೊಳ್ಳದೆ 5 ಸೀಟಿನ ಈಕೊ ನೋಡಿ. 7 ಸೀಟಿನದ್ದರಲ್ಲಿ ಸಾಮಾನಿನ ಜಾಗವನ್ನು ಮೂರನೇ ಸಾಲು ನುಂಗಿರುತ್ತದೆ. "ಸೀಟ್ ಬಿಚ್ಚಿಟ್ಟರಾಯ್ತು" ಅನ್ನುತ್ತಾರೆ. ಆರ್‌ಸಿಯಲ್ಲಿ ಬರೆದ ಸೀಟಿನ ಸಂಖ್ಯೆಗೂ ಗಾಡಿಗೂ ತಾಳೆ ಆಗದಿದ್ದರೆ ತಪಾಸಣೆಯಲ್ಲೂ ಇನ್ಶೂರೆನ್ಸಿನಲ್ಲೂ ಕಿರಿಕಿರಿ.

ಟಾಟಾ ಏಸ್ 2005ರದ್ದು. ಮೊದಮೊದಲಿನದ್ದಕ್ಕೆ 702 ಸಿಸಿಯ ಎರಡು ಸಿಲಿಂಡರ್ ಡೀಸೆಲ್ ಎಂಜಿನ್. ಮುಕ್ಕಾಲು ಟನ್ ಹೊರುತ್ತದೆ, ಗುಡ್ಡದಲ್ಲಿ ಉಸಿರು ಬಿಡುತ್ತಾ ಹತ್ತುತ್ತದೆ. ಮಾರುತಿಯ ಸೂಪರ್ ಕ್ಯಾರಿ 2016ರಲ್ಲಿ ಬಂತು, ಪೆಟ್ರೋಲಿನದ್ದು ಓಡಿಸಲು ಹಿತ. ಎರಡರಲ್ಲೂ ಮುಂದೆ ಇಬ್ಬರಿಗೆ ಮಾತ್ರ ಸೀಟು. ಮಕ್ಕಳನ್ನು ಹಿಂದೆ ಗೋಣಿಯ ಮೇಲೆ ಕೂರಿಸುವ ಯೋಚನೆ ಇದ್ದರೆ ಈಗಲೇ ಬಿಡಿ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

ದಿನಾ ಒಂದು ಟನ್ ಮುಟ್ಟುವವರಿಗೆ ಅಶೋಕ್ ಲೇಲ್ಯಾಂಡ್ ದೋಸ್ತ್ ಅಥವಾ ಬೊಲೆರೊ ಪಿಕಪ್. ಮನೆಯವರೂ ಬೇಕು, ಟನ್ನೂ ಬೇಕು ಅಂದರೆ ಎರಡು ಸಾಲು ಸೀಟಿರುವ ಬೊಲೆರೊ ಕ್ಯಾಂಪರ್ ಇದೆ. ಆದರೆ ಅದು ಉದ್ದ. ನಿಮ್ಮ ಅಂಗಳಕ್ಕೆ ಬರುವ ತಿರುವನ್ನು ಮೊದಲು ಅಳೆದು ನೋಡಿ. ನನ್ನ ಭಾವ ಒಬ್ಬರು ಕ್ಯಾಂಪರ್ ತಂದು, ಕೊನೆಗೆ ತಿರುವಿನ ಕೆಂಪುಕಲ್ಲಿನ ಕಟ್ಟೆಯನ್ನೇ ಒಡೆಸಬೇಕಾಯಿತು.

ಡೀಸೆಲ್ ಬಗ್ಗೆ ಒಂದು ಮಾತು. 2020ರ ಏಪ್ರಿಲ್ ನಂತರದ ಬಿಎಸ್ 6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟು ಹೋಗಬೇಕಾದರೆ ಗಾಡಿ ಆಗಾಗ ದೂರ, ಒಂದೇ ಹದದಲ್ಲಿ ಓಡಬೇಕು. ದಿನಾ ಮೂರು ಕಿಲೋಮೀಟರ್ ಶಾಲೆಗೆ, ಎರಡು ಕಿಲೋಮೀಟರ್ ಅಂಗಡಿಗೆ ಓಡಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಗಿಡ್ಡ ಓಟದವರಿಗೆ ಪೆಟ್ರೋಲೇ ವಾಸಿ.

ಸಿಎನ್‌ಜಿ ಗಾಡಿ ಖರ್ಚಿನಲ್ಲಿ ಅಗ್ಗ. ಆದರೆ ಸಿಲಿಂಡರ್ ಜಾಗ ತಿನ್ನುತ್ತದೆ, ತೂಕವೂ ತಿನ್ನುತ್ತದೆ, ಏರಿನಲ್ಲಿ ದಮ್ಮು ಕಡಿಮೆ. ಸಿಲಿಂಡರನ್ನು 3 ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿರಬೇಕು, ಆ ಸರ್ಟಿಫಿಕೇಟ್ ಕೇಳಿ. ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಆರ್‌ಸಿಯಲ್ಲಿ ನಮೂದಾಗಿರಬೇಕು. ಅಡುಗೆ ಗ್ಯಾಸಿನಿಂದ ತುಂಬಿಸಿಕೊಂಡು ಓಡಿದ ಹಳೆ ಓಮ್ನಿ ಸಿಕ್ಕಿದರೆ ಎಷ್ಟು ಅಗ್ಗವಾದರೂ ಬಿಟ್ಟು ಬನ್ನಿ.

ಇಷ್ಟು ದಿನ ಏನು ಹೊತ್ತಿತ್ತು?

ಎಷ್ಟು ಕಿಲೋಮೀಟರ್ ಓಡಿದೆ ಅಂತ ಎಲ್ಲರೂ ಕೇಳುತ್ತಾರೆ. ಮೀಟರನ್ನು ಹಿಂದೆ ತಿರುಗಿಸಲು ಹತ್ತು ನಿಮಿಷ ಸಾಕು. ಅದರ ಬದಲು ಏನು ಹೊರುತ್ತಿತ್ತು ಅಂತ ಕೇಳಿ. ಬಾಯಿಂದ ಉತ್ತರ ಬರದಿದ್ದರೂ ಗಾಡಿಯೇ ಹೇಳುತ್ತದೆ.

ಕರಾವಳಿಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಮೀನಿನ ಗಾಡಿ. ಐಸ್ ಕರಗಿ, ಮೀನಿನ ಉಪ್ಪುನೀರು ನೆಲದ ಸಂದುಗಳಲ್ಲಿ ಇಳಿದು, ಚಾಸಿಯನ್ನು, ಅಂದರೆ ಗಾಡಿಯ ಅಡಿಯ ಚೌಕಟ್ಟನ್ನು, ಒಳಗಿನಿಂದ ತಿಂದಿರುತ್ತದೆ. ತೊಳೆದು, ಬಣ್ಣ ಹೊಡೆದು, ಸೆಂಟ್ ಹಾಕಿ ನಿಲ್ಲಿಸಿರುತ್ತಾರೆ. ಬಿಸಿಲಲ್ಲಿ ಅರ್ಧ ಗಂಟೆ ಬಾಗಿಲು ಮುಚ್ಚಿಡಿ, ಆಮೇಲೆ ತೆರೆದು ಮೂಗು ಇಡಿ. ರಸಗೊಬ್ಬರ, ಅದರಲ್ಲೂ ಪೊಟ್ಯಾಷ್, ಹೊತ್ತ ಗಾಡಿಗೂ ಹೀಗೇ ತುಕ್ಕು. ಹಟ್ಟಿಗೊಬ್ಬರ ಕೂಡ ಕಡಿಮೆ ಅಲ್ಲ. ಉಪ್ಪಳ, ಕುಂಬಳೆ, ಮಂಜೇಶ್ವರದ ಕಡಲ ಬದಿಯಲ್ಲಿ ಅಂಗಳದಲ್ಲೇ ನಿಂತ ಗಾಡಿಗೆ ಗಾಳಿಯ ಉಪ್ಪೇ ಸಾಕು. ಒಂದೇ ಮಾಡೆಲ್, ಒಂದೇ ವರ್ಷದ ಎರಡು ಗಾಡಿ ಇದ್ದರೆ ನಾನು ಮುಳ್ಳೇರಿಯ ಕಡೆಯದ್ದನ್ನೇ ಆರಿಸುತ್ತೇನೆ.

2018 ಮತ್ತು 2019ರ ನೆರೆಯಲ್ಲಿ ಕೇರಳದ ಬೇರೆ ಜಿಲ್ಲೆಗಳಲ್ಲಿ ಎಷ್ಟೋ ಗಾಡಿ ಮುಳುಗಿದ್ದವು. ದಕ್ಷಿಣದಿಂದ ಬಂದ ಆ ಕಾಲದ ಗಾಡಿಯಾದರೆ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ. ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆ ಇದ್ದರೆ ನೀರು ಅಲ್ಲಿಯವರೆಗೆ ಬಂದಿತ್ತು ಅಂತ ಅರ್ಥ.

ಅಡಿಗೆ ಇಳಿಯಿರಿ

ಟಾರ್ಚ್, ಹಳೆ ಗೋಣಿತಾಟು, ಒಂದು ಉದ್ದ ಸ್ಕ್ರೂ ಡ್ರೈವರ್. ನಾನು ಗಾಡಿ ನೋಡಲು ಒಯ್ಯುವುದು ಇಷ್ಟು. ಬಿಳಿ ಶರಟು ಹಾಕಿಕೊಂಡು ಹೋಗಬೇಡಿ.

ಮೊದಲು ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಲು ಹೇಳಿ ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಒಂದು ಬದಿ ತಗ್ಗಿದೆಯಾ? ಖಾಲಿ ಗಾಡಿಯ ಹಿಂಭಾಗ ಮುಂಭಾಗಕ್ಕಿಂತ ಸ್ವಲ್ಪ ಎತ್ತರ ಇರುವುದೇ ಸರಿ. ಖಾಲಿ ಇದ್ದಾಗಲೇ ಕುಂಡೆ ಊರಿ ಕೂತಿದ್ದರೆ ಲೀಫ್ ಪ್ಲೇಟ್ ಇಲ್ಲವೇ ಸ್ಪ್ರಿಂಗ್ ಸೋತಿದೆ. ಕೆಲವೊಮ್ಮೆ ಉಲ್ಟಾ, ಹಿಂಭಾಗ ಆಕಾಶಕ್ಕೆ ಎದ್ದು ನಿಂತಿರುತ್ತದೆ. ಒಂದೋ ಎರಡೋ ಪ್ಲೇಟ್ ಜಾಸ್ತಿ ಹಾಕಿಸಿದ್ದಾರೆ. "ಭಾರಕ್ಕೆ ಗಟ್ಟಿ ಮಾಡಿಸಿದ್ದು" ಅಂತ ಹೆಮ್ಮೆಯಿಂದ ಹೇಳುತ್ತಾರೆ. ಮಿತಿ ಮೀರಿ ಹೊತ್ತಿದ್ದೇವೆ ಅಂತ ಅವರೇ ಒಪ್ಪಿಕೊಂಡ ಹಾಗಾಯಿತು. ಪ್ಲೇಟ್ ಜಾಸ್ತಿ ಆದರೆ ಪ್ಲೇಟ್ ತಾಳುತ್ತದೆ, ಆಕ್ಸಲ್, ಬೇರಿಂಗ್, ಬ್ರೇಕ್ ಎಲ್ಲ ಹಳೆಯವೇ ಅಲ್ವಾ?

ಈಗ ಗೋಣಿತಾಟು ಹಾಸಿ ಅಡಿಗೆ ಹೋಗಿ. ಗಾಡಿಯನ್ನು ಜ್ಯಾಕ್ ಮೇಲೆ ಎತ್ತಿ ಅಡಿಗೆ ಹೋಗಬೇಡಿ. ನೆಲದ ಮೇಲೆಯೇ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ನೋಡಿ. ಆಗದಿದ್ದರೆ ವರ್ಕ್‌ಶಾಪಿನ ಪಿಟ್ಟಿಗೆ ತನ್ನಿ.

ಒಮ್ಮೆ ನೀರ್ಚಾಲಿನಲ್ಲಿ ಒಂದು ಈಕೊ ನೋಡಲು ನಮ್ಮ ಮೆಕ್ಯಾನಿಕ್ ಜೊತೆ ಹೋಗಿದ್ದೆ. ಅಡಿ ಪೂರ್ತಿ ಕಪ್ಪಗೆ, ಹೊಸದಾಗಿ ಬಣ್ಣ ಹೊಡೆದದ್ದು. ನನಗೆ ಚಂದ ಕಂಡಿತು. ಅವನು ಏನೂ ಹೇಳದೆ ಹಿಂದಿನ ಎಡ ಚಕ್ರದ ಒಳಬದಿಯಲ್ಲಿ ಸ್ಕ್ರೂ ಡ್ರೈವರಿನ ಹಿಡಿಯಿಂದ ಕುಟ್ಟಿದ. ಟಣ್ ಟಣ್ ಅಂತಿತ್ತು. ಒಂದು ಗೇಣು ಮುಂದೆ ಹೋದ, ಕುಟ್ಟಿದ. ಡಬ್ ಅಂತು. ಸ್ಕ್ರೂ ಡ್ರೈವರನ್ನು ತಿರುಗಿಸಿ ತುದಿಯಿಂದ ಮೆಲ್ಲಗೆ ಒತ್ತಿದ. ಬಾಳೆಹಣ್ಣಿಗೆ ಒತ್ತಿದ ಹಾಗೆ ಒಳಗೆ ಹೋಯಿತು. ಮಾರುವವರು ಮೇಲಿನಿಂದ, "ಎಂತ ಕುಟ್ಟುವುದು ಅದು?" ಅಂದರು. ಇವನು ಅಡಿಯಿಂದಲೇ, "ಎಂತದೂ ಇಲ್ಲ ಅಣ್ಣ, ಹಲಸು ಹಣ್ಣಾಗಿದೆಯಾ ಅಂತ ನೋಡಿದ್ದು" ಅಂದ. ಅಲ್ಲಿಗೇ ಎದ್ದು ಬಂದೆವು.

ಹೀಗೆ ಕುಟ್ಟಿ ನೋಡಬೇಕಾದ ಜಾಗಗಳು: ಲೀಫ್ ಪ್ಲೇಟಿನ ಎರಡೂ ತುದಿ ಸಿಕ್ಕಿಸಿದ ಬ್ರಾಕೆಟ್, ಹಿಂದಿನ ಚಕ್ರದ ಮೇಲಿನ ಕಮಾನು, ಜಾರುವ ಬಾಗಿಲಿನ ಕೆಳ ಅಂಚು, ಚಾಲಕನ ಕಾಲಿನ ಕೆಳಗೆ, ಬ್ಯಾಟರಿ ಕೂರುವ ಜಾಗ. ತುಕ್ಕು ಮೇಲ್ಮೈಯಲ್ಲಿ ಕಂದು ಹುಡಿಯ ಹಾಗೆ ಇದ್ದರೆ ಹೆದರಬೇಡಿ, ನಮ್ಮ ಮಳೆಗೆ ಅದು ಸಹಜ. ಪದರ ಪದರವಾಗಿ ಎದ್ದಿದ್ದರೆ ಬೇಡ. ಚಾಸಿಯಲ್ಲಿ ಕಂಪೆನಿಯ ವೆಲ್ಡಿಂಗ್ ಸಮವಾಗಿ, ಒಂದೇ ಅಳತೆಯಲ್ಲಿರುತ್ತದೆ. ಊರಿನ ವೆಲ್ಡಿಂಗ್ ಮುದ್ದೆ ಮುದ್ದೆಯಾಗಿ ಕಾಣುತ್ತದೆ. ಹಿಂದಿನ ಭಾಗದಲ್ಲಿ ಮುದ್ದೆ ಕಂಡರೆ ಒಂದೋ ಹಿಂದಿನಿಂದ ಗುದ್ದಿದ್ದು, ಇಲ್ಲವೋ ಭಾರಕ್ಕೆ ಬಿರಿದದ್ದು.

ಎಲ್ಲ ಮ್ಯಾಟ್ ಎತ್ತಿಸಿ. ಬೇಡ ಅಂದರೆ ಯಾಕೆ ಬೇಡ ಅಂತ ಕೇಳಿ. ನಾನು ಕೇಳದೆ ಸಿಕ್ಕಿಬಿದ್ದವನು.

ಟೈರಿನ ಬದಿಯಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೆರೆ ಎಷ್ಟು ಚೆನ್ನಾಗಿದ್ದರೂ ಆರೇಳು ವರ್ಷ ದಾಟಿದ ಟೈರಿಗೆ ಭಾರ ಹಾಕಬೇಡಿ. ಒಂದೇ ಬದಿ ಸವೆದಿದ್ದರೆ ಆಕ್ಸಲ್ ಬಾಗಿರಬಹುದು. ಪಿಕಪ್ಪಿಗೆ ಕಾರಿನ ಟೈರ್ ಹಾಕಿ ಮಾರುವವರೂ ಇದ್ದಾರೆ, ಬದಿಯಲ್ಲಿ ಬರೆದ ಅಳತೆಯನ್ನು ಕಂಪೆನಿಯ ಸ್ಟಿಕ್ಕರ್ ಜೊತೆ ಹೋಲಿಸಿ.

ಇದಕ್ಕೆಲ್ಲ ಒಳ್ಳೆ ಕಾಲ ಆಟಿಯ, ಅಂದರೆ ಜುಲೈ-ಆಗಸ್ಟಿನ, ಮಳೆ. ಸೋರುವ ಬಾಗಿಲು, ಕೂಡದ ರಬ್ಬರ್, ಒದ್ದೆ ಮ್ಯಾಟ್ ಎಲ್ಲ ತಾನಾಗಿಯೇ ಕಾಣುತ್ತದೆ. ಮೇಲಾಗಿ ಅಡಿಕೆ ದುಡ್ಡು ಕೈಗೆ ಬರುವ ಹೊತ್ತಿನಲ್ಲಿ ಎಲ್ಲರೂ ಗಾಡಿ ಹುಡುಕುತ್ತಾರೆ, ಮಳೆಗಾಲದಲ್ಲಿ ಚೌಕಾಸಿಗೆ ಜಾಗ ಜಾಸ್ತಿ.

ಎಂಜಿನ್, ಮತ್ತು ನಿಮ್ಮದೇ ಗೋಣಿ

ಬರುತ್ತೇನೆ ಅಂತ ಹೇಳಿದ ಸಮಯಕ್ಕಿಂತ ಅರ್ಧ ಗಂಟೆ ಮೊದಲೇ ಹೋಗಿ. ಎಂಜಿನ್ ತಣ್ಣಗಿದೆಯಾ ಮುಟ್ಟಿ ನೋಡಿ. ಓಮ್ನಿ, ಈಕೊಗಳಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೆ, ಸೀಟ್ ಎತ್ತಬೇಕು. ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಬೆಳಿಗ್ಗೆ ಸ್ಟಾರ್ಟ್ ಆಗದ ರೋಗ ಮುಚ್ಚಿ ಹೋಗುತ್ತದೆ.

ಸ್ಟಾರ್ಟ್ ಮಾಡಿ ಹೊಗೆ ನೋಡಿ. ನೀಲಿ ಹೊಗೆ ಆಯಿಲ್ ಸುಡುವುದಕ್ಕೆ ಗುರುತು. ನಿಲ್ಲದ ಬಿಳಿ ಹೊಗೆ, ಜೊತೆಗೆ ಕೂಲೆಂಟ್ ಕಡಿಮೆ ಆಗುತ್ತಿದ್ದರೆ ಎಂಜಿನ್ ಒಳಗಿನ ಹೆಡ್ ಗ್ಯಾಸ್ಕೆಟ್ ಹೋಗಿದೆ. ಓಡುತ್ತಿರುವಾಗ ಆಯಿಲ್ ಮುಚ್ಚಳ ತೆರೆದರೆ ಅಲ್ಲಿಂದ ಹೊಗೆ ಪುಸಪುಸ ಬರಬಾರದು. ಮುಚ್ಚಳದ ಒಳಗೆ ಹಾಲು ಚಹಾದ ಬಣ್ಣದ ಕೆನೆ ಇದ್ದರೆ ಆಯಿಲಿಗೆ ನೀರು ಸೇರಿದೆ. ಮೆಕ್ಯಾನಿಕ್ ಜೊತೆಗಿದ್ದರೆ ಇಷ್ಟನ್ನು ಅವನೇ ನೋಡುತ್ತಾನೆ.

ಓಡಿಸಿ ನೋಡುವುದರಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಖಾಲಿ ಗಾಡಿಯನ್ನು ಟಾರು ರಸ್ತೆಯಲ್ಲಿ ಎರಡು ಕಿಲೋಮೀಟರ್ ಓಡಿಸಿ "ಚೆನ್ನಾಗಿದೆ" ಅನ್ನುತ್ತೇವೆ. ಖಾಲಿ ಇದ್ದಾಗ ಎಲ್ಲ ಗಾಡಿಯೂ ಚೆನ್ನಾಗಿಯೇ ಓಡುತ್ತದೆ. ನಾನೀಗ ಆರು ಗೋಣಿ ಹಿಂಡಿ ಹಾಕಿಸುತ್ತೇನೆ. 300 ಕೇಜಿ. ಹೇಗೂ ಮನೆಗೆ ಬೇಕಾದದ್ದೇ. ಮಾರುವವರು ಒಪ್ಪದಿದ್ದರೆ ಅವರಿಗೆ ಗಾಡಿಯ ಮೇಲೆ ನಂಬಿಕೆ ಇಲ್ಲ ಅಂತಲೇ ಲೆಕ್ಕ. ಚೆರ್ಕಳದಿಂದ ಜಾಲ್ಸೂರಿಗೆ ಹೋಗುವ ರಸ್ತೆ ಇರಲಿ, ಬದಿಯಡ್ಕ, ಪೆರ್ಲ, ಅಡ್ಯನಡ್ಕ ದಾಟಿ ಕಲ್ಲಡ್ಕಕ್ಕೆ ಹೋಗುವ ರಸ್ತೆ ಇರಲಿ, ನಮಗೆ ಏರಿಳಿತಕ್ಕೇನೂ ಬರಗಾಲ ಇಲ್ಲ. ಒಂದು ಒಳ್ಳೆ ಏರು ಹುಡುಕಿ.

ಏರಿನ ಮಧ್ಯೆ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಹಾಕಿ ಕಾಲು ತೆಗೆಯಿರಿ. ಹಿಂದೆ ಜಾರಬಾರದು. ಈಗ ಫಸ್ಟ್ ಗೇರಿನಲ್ಲಿ ಎತ್ತಿ. ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಸುಟ್ಟ ವಾಸನೆ ಬರುತ್ತದೆ ಅಂದರೆ ಕ್ಲಚ್ ಪ್ಲೇಟ್ ಮುಗಿದಿದೆ. ಕ್ಲಚ್ ಬಿಡುವಾಗ ಅಡಿಯಿಂದ ಟಕ್ ಅಂತ ಒಂದು ಪೆಟ್ಟು ಕೇಳಿದರೆ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಹೋಗಿದೆ, ಅದು ದೊಡ್ಡ ಖರ್ಚಲ್ಲ. 40ರ ವೇಗದಲ್ಲಿ ಹಿಂದಿನಿಂದ ಊಂ ಅಂತ ಒಂದೇ ಸಮ ಕೂಗು, ಎಕ್ಸಲೇಟರ್ ಬಿಟ್ಟಾಗ ಆ ಕೂಗು ಬದಲಾಗುತ್ತದೆ ಅಂದರೆ ಹಿಂದಿನ ಆಕ್ಸಲಿನ ನಡುವಿನ ಗೇರುಗಳು, ಅಂದರೆ ಡಿಫ್ರೆನ್ಶಿಯಲ್, ಸವೆದಿದೆ. ಅದು ದೊಡ್ಡ ಖರ್ಚು, ಭಾರ ಹೊತ್ತ ಗಾಡಿಗಳ ಮಾಮೂಲಿ ಕಾಯಿಲೆ ಕೂಡ.

ಇಳಿಯುವಾಗ ಸೆಕೆಂಡ್ ಗೇರಿನಲ್ಲಿ ಇಳಿಸಿ, ಎಕ್ಸಲೇಟರ್ ಒತ್ತಿ ಬಿಡಿ. ಗೇರ್ ತಾನಾಗಿ ನ್ಯೂಟ್ರಲಿಗೆ ಹಾರಿದರೆ ಅಂಥ ಗಾಡಿ ಗುಡ್ಡದ ಊರಿಗೆ ಬೇಡ. ಖಾಲಿ ರಸ್ತೆ ನೋಡಿ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ, ಗಾಡಿ ಒಂದು ಬದಿಗೆ ಎಳೆಯಬಾರದು. ಕೆಲವು ಪಿಕಪ್‌ಗಳಲ್ಲಿ ಭಾರ ನೋಡಿ ಹಿಂದಿನ ಬ್ರೇಕಿನ ಬಲ ಹೆಚ್ಚು ಕಡಿಮೆ ಮಾಡುವ ವಾಲ್ವ್ ಇರುತ್ತದೆ, ಆಕ್ಸಲಿಗೆ ಒಂದು ಸಣ್ಣ ಸರಳಿನಿಂದ ಜೋಡಿಸಿರುತ್ತಾರೆ. ಅದನ್ನು ತಂತಿಯಿಂದ ಕಟ್ಟಿ ಬಿಟ್ಟಿದ್ದರೆ ಸರಿ ಮಾಡಿಸುವವರೆಗೆ ಭಾರ ಹಾಕಬೇಡಿ.

ಗಡಿಯ ಕಾಗದ

ನಮಗೆ ಇರುವ ದೊಡ್ಡ ಆಸೆ ಮಂಗಳೂರು, ಪುತ್ತೂರಿನ ಗಾಡಿ. ಕೆಎ 19, ಕೆಎ 21, ಬಂಟ್ವಾಳದ ಕೆಎ 70. ಹತ್ತಿರ, ಭಾಷೆ ನಮ್ಮದೇ, ಆಯ್ಕೆಯೂ ಜಾಸ್ತಿ. ಬೆಲೆ ಕಡಿಮೆ ಕಂಡರೆ ಅದಕ್ಕೆ ಇನ್ನೊಂದು ಲೆಕ್ಕ ಸೇರಿಸಿ. ಮೊದಲು ಆ ಆರ್‌ಟಿಒದಿಂದ 28ನೇ ನಮೂನೆಯ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ, ಬೇಕು. ಆಮೇಲೆ ಕೇರಳದಲ್ಲಿ ತೆರಿಗೆ ಕಟ್ಟಿ, 27ನೇ ನಮೂನೆಯಲ್ಲಿ ಹೊಸ ನಂಬರಿಗೆ ಅರ್ಜಿ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡ ಗಾಡಿಗೆ ಆ ರಾಜ್ಯದ ನಂಬರ್ ಮಾಡಿಸಲೇಬೇಕು ಅಂತ ಕಾನೂನು. ತೆರಿಗೆ ಅಷ್ಟು ದಿನ ಕಾಯುವುದಿಲ್ಲ. ಕರ್ನಾಟಕದಲ್ಲಿ ಕಟ್ಟಿದ ಜೀವಾವಧಿ ತೆರಿಗೆಯಲ್ಲಿ ಉಳಿದ ಪಾಲನ್ನು ವಾಪಸ್ ಕೇಳಬಹುದು, ಆದರೆ ಆ ದುಡ್ಡನ್ನು ನಂಬಿ ಗಾಡಿಯ ಬೆಲೆ ಕಟ್ಟಬೇಡಿ. ಎನ್‌ಒಸಿ ಮಾರುವವರೇ ಮಾಡಿಸಿ ಕೊಡಬೇಕು, ಅದು ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ನನ್ನ ಪರಿಚಯದವರೊಬ್ಬರು ಇದೊಂದನ್ನು ಬಿಟ್ಟು, ಒಂದೂವರೆ ವರ್ಷ ಹಳ್ಳಿಯ ಒಳರಸ್ತೆಯಲ್ಲೇ ಗಾಡಿ ಓಡಿಸಿದರು.

ಕಾಸರಗೋಡಿನ ಕೆಎಲ್ 14 ಗಾಡಿಯಾದರೆ ಕೆಲಸ ಸುಲಭ. ಹೆಸರು ಬದಲಾಯಿಸಲು 29 ಮತ್ತು 30ನೇ ನಮೂನೆ, ಸಾಲ ಇದ್ದರೆ ಅದು ತೀರಿದ್ದಕ್ಕೆ 35ನೇ ನಮೂನೆ. ದುಡ್ಡು ಕೊಡುವ ಮೊದಲು ಪರಿವಾಹನ್ ಜಾಲತಾಣದಲ್ಲಿ ಗಾಡಿಯ ನಂಬರ್ ಹಾಕಿ ನೋಡಿ: ತೆರಿಗೆ, ಇನ್ಶೂರೆನ್ಸ್, ಸಾಲ, ಬಾಕಿ ದಂಡ. 2023ರ ಜೂನಿನಿಂದ ಕೇರಳದ ರಸ್ತೆಗಳಲ್ಲಿ ಎಐ ಕ್ಯಾಮರಾ ದಂಡ ಹಾಕುತ್ತಿದೆ, ಎಷ್ಟೋ ಮಂದಿಗೆ ತಮ್ಮ ಹೆಸರಲ್ಲಿ ಬಾಕಿ ಇರುವುದೇ ಗೊತ್ತಿರುವುದಿಲ್ಲ. ಕರಾರು ಪತ್ರದಲ್ಲಿ ಗಾಡಿ ಕೈ ಬದಲಾದ ತಾರೀಕು ಮಾತ್ರ ಅಲ್ಲ, ಗಂಟೆಯೂ ಇರಲಿ. ಪತ್ರ ಮಲಯಾಳದಲ್ಲಿದ್ದು ನಿಮಗೆ ಓದಲು ಬಾರದಿದ್ದರೆ, ನಾಚಿಕೆ ಬಿಟ್ಟು ಯಾರಿಂದಾದರೂ ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ.

ಚಾಸಿ ನಂಬರನ್ನು ಆರ್‌ಸಿ ಜೊತೆ ಒಂದೊಂದೇ ಅಂಕಿ ಹೋಲಿಸಿ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದರೆ ಇನ್ನೂ ಒಳ್ಳೆಯದು. ತುಕ್ಕು ಹಿಡಿದು ನಂಬರ್ ಅಳಿಸಿದ್ದರೆ ಆರ್‌ಟಿಒ ತಪಾಸಣೆಯಲ್ಲಿ ಸಿಕ್ಕಿಕೊಳ್ಳುತ್ತೀರಿ.

ಆರ್‌ಸಿಯ ಹೆಸರು ಒಬ್ಬರದ್ದು, ಮಾರುವವರು ಇನ್ನೊಬ್ಬರು, ಕೈಯಲ್ಲಿ ಸಹಿ ಹಾಕಿದ ಖಾಲಿ ಫಾರಂ. ಇದು ನಮ್ಮಲ್ಲಿ ಮಾಮೂಲಿ, ಆದರೂ ಒಪ್ಪಬೇಡಿ. ಆರ್‌ಸಿ ಮಾಲೀಕರ ಹತ್ತಿರ ಫೋನಿನಲ್ಲಾದರೂ ಮಾತಾಡಿ. 2023ರ ಏಪ್ರಿಲಿನಿಂದ ಹಳೆ ಗಾಡಿ ಮಾರುವ ಡೀಲರುಗಳಿಗೆ ಆರ್‌ಟಿಒದ ಅಧಿಕಾರ ಪತ್ರ ಇರಬೇಕು, ಅದನ್ನು ಕೇಳುವ ಹಕ್ಕು ನಿಮಗಿದೆ.

ನಂಬರ್ ಪ್ಲೇಟ್ ಬಿಳಿಯಾ (ಸ್ವಂತಕ್ಕೆ) ಹಳದಿಯಾ (ಬಾಡಿಗೆಗೆ) ಅನ್ನುವುದನ್ನೂ ಮೊದಲೇ ತೀರ್ಮಾನ ಮಾಡಿ. ಬಿಳಿ ಪ್ಲೇಟಿನ ನೋಂದಣಿ 15 ವರ್ಷಕ್ಕೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. 15 ದಾಟಿದ ಗಾಡಿಗೆ ಶುಲ್ಕವೂ ತೆರಿಗೆಯೂ ಜಾಸ್ತಿ. ಬಿಳಿ ಪ್ಲೇಟಿನಲ್ಲಿ ಬಾಡಿಗೆ ಹೊಡೆಯುವ ಹಾಗಿಲ್ಲ. ಬಾಡಿಗೆ ಲೋಡಿನಲ್ಲಿ ಅಪಘಾತ ಆದರೆ ಇನ್ಶೂರೆನ್ಸಿನವರು ಮೊದಲು ಕೇಳುವುದೇ ಅದು. ಹಳದಿ ಪ್ಲೇಟಾದರೆ ಗಾಡಿಗೆ 8 ವರ್ಷ ಆಗುವವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್. ಒಟ್ಟು ತೂಕ 3,000 ಕೇಜಿ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ. ಲೈಸೆನ್ಸ್ ಬಗ್ಗೆ ಇದ್ದ ಗೊಂದಲ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಮುಗಿಯಿತು. ಒಟ್ಟು ತೂಕ 7,500 ಕೇಜಿ ಒಳಗಿನ ಸರಕು ಗಾಡಿಯನ್ನು ಮಾಮೂಲಿ ಎಲ್‌ಎಂವಿ, ಅಂದರೆ ಲಘು ವಾಹನದ, ಲೈಸೆನ್ಸಿನಲ್ಲಿ ಓಡಿಸಬಹುದು.

ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳಬರ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ಗಾಡಿಯ ಜೊತೆ ಬರುವುದಿಲ್ಲ. ಹಳೆ ಫಾಸ್ಟ್ಯಾಗ್ ಕಿತ್ತು ಹೊಸದು ಹಾಕಿಸಿ, ಇಲ್ಲದಿದ್ದರೆ ತಲಪಾಡಿ ಟೋಲಿನಲ್ಲಿ ಅವರ ದುಡ್ಡು ಹೋಗಿ ನಿಮಗೆ ಫೋನ್ ಬರುತ್ತದೆ.

ಮನೆಗೆ ತಂದ ಮೇಲೆ

ಕೈಯಲ್ಲಿರುವ ದುಡ್ಡಿನ ಐದನೇ ಒಂದು ಪಾಲು ಬದಿಗಿಟ್ಟು ಉಳಿದದ್ದರಲ್ಲಿ ಗಾಡಿ ಹುಡುಕಿ. ಹಳೆ ಗಾಡಿ ಮೊದಲ ತಿಂಗಳಲ್ಲೇ ತನ್ನ ಪಾಲು ಕೇಳುತ್ತದೆ. ಎಂಜಿನ್ ಆಯಿಲ್, ಗೇರ್ ಆಯಿಲ್, ಹಿಂದಿನ ಹೌಸಿಂಗ್ (ಡಿಫ್ರೆನ್ಶಿಯಲ್) ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಎಲ್ಲ ಬದಲಿಸಿ. ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿಸಿ ಒಮ್ಮೆ ಕಣ್ಣಲ್ಲಿ ನೋಡಿ. ಟೈರಿಗೆ ಭಾರ ಇರುವಾಗ ಎಷ್ಟು ಗಾಳಿ, ಖಾಲಿ ಇದ್ದಾಗ ಎಷ್ಟು ಅಂತ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ.

ಹೇರುವಾಗ ಭಾರದ ಸಾಮಾನು ಕೆಳಗೆ, ಹಿಂದಿನ ಆಕ್ಸಲಿನ ಮೇಲೆ ಅಥವಾ ಸ್ವಲ್ಪ ಮುಂದೆ ಬರಬೇಕು. ಎಲ್ಲವನ್ನೂ ಹಿಂದಿನ ಬಾಗಿಲಿಗೆ ಒತ್ತಿ ಇಟ್ಟರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ತೇಲುತ್ತದೆ. ವ್ಯಾನಿನಲ್ಲಿ ಸೀಟಿಗೂ ಸಾಮಾನಿಗೂ ನಡುವೆ ಒಂದು ಕಬ್ಬಿಣದ ಜಾಲರಿ ಹಾಕಿಸಿ. ಬ್ರೇಕ್ ಒತ್ತಿದಾಗ ಗಾಡಿ ನಿಲ್ಲುತ್ತದೆ, ಗೋಣಿ ನಿಲ್ಲುವುದಿಲ್ಲ.

ನನ್ನ ಈಗಿನ ಈಕೊದಲ್ಲಿ ಹಿಂದಿನ ಬಾಗಿಲ ಪಕ್ಕ ಯಾವಾಗಲೂ ಒಂದು ಹಲಸಿನ ಮರದ ತುಂಡು ಇರುತ್ತದೆ, ಒಂದು ಬದಿ ಓರೆಯಾಗಿ ಕಡಿಸಿದ್ದು. ನಮ್ಮ ಅಂಗಳ ಇಳಿಜಾರು. ಗೋಣಿ ಇಳಿಸುವಾಗ ಮಗಳು ಮೊದಲು ಹಾರಿ ಇಳಿದು ಅದನ್ನು ಹಿಂದಿನ ಚಕ್ರಕ್ಕೆ ಕೊಡುತ್ತಾಳೆ, ಆಮೇಲೆ "ಆಯ್ತು ಅಪ್ಪ" ಅನ್ನುತ್ತಾಳೆ. ಅಲ್ಲಿಯವರೆಗೆ ನಾನು ಬ್ರೇಕಿನಿಂದ ಕಾಲು ತೆಗೆಯುವುದಿಲ್ಲ.